ಹಿರೋಷಿಮಾ ಚಿತ್ರಸುರುಳಿಗಳ ಕುರಿತ ನಿಮ್ಮ ಲೇಖನದ ಬಗ್ಗೆ

ಮಾನ್ಯರೇ,

ಅಣುಬಾಂಬಿಗೆ ತುತ್ತಾದ ಹಿರೋಷಿಮಾದ ಹಳೆಯ ಕಪ್ಪು-ಬಿಳುಪು ದೃಶ್ಯಗಳನ್ನು ನೋಡಿ ನೀವು ಬರೆದ ಲೇಖನವನ್ನು ಗಮನವಿಟ್ಟು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗುವುದಿಲ್ಲ. ನಿಮ್ಮ ಕಳಕಳಿಯಲ್ಲಿ ನನಗೆ ಸಂಶಯವಿಲ್ಲ; ಆದರೆ ಬರಹದಲ್ಲಿ ನಿಮ್ಮ ದುಃಖ ಕಾಣುವಷ್ಟು ಆ ಚಿತ್ರ ಕಾಣುವುದಿಲ್ಲ.

ಬಾಂಬು ಬಿದ್ದ ಗಳಿಗೆಯಲ್ಲೇ ಬೀದಿಯಲ್ಲಿದ್ದ ಕ್ಯಾಮೆರಾ ಜನರ ಓಟವನ್ನೂ ಚೀರಾಟವನ್ನೂ ಸೆರೆಹಿಡಿಯಿತೆಂದು ಬರೆದಿದ್ದೀರಿ. ಇದು ನಿಜವಲ್ಲ. 1945ರ ಆಗಸ್ಟ್ 6ರ ಆ ದಾಳಿಯ ಚಲನಚಿತ್ರವನ್ನು ತೆಗೆದದ್ದು ವಿಮಾನದಿಂದ. ಅದರಲ್ಲಿ ಮೇಲೇರುವ ಮೋಡವಿದೆಯೇ ಹೊರತು ಮನುಷ್ಯರಿಲ್ಲ. ನಗರದೊಳಗೆ ಅಂದು ಕ್ಯಾಮೆರಾ ಹಿಡಿದು ನಡೆದವರು ಸ್ಥಳೀಯ ಪತ್ರಿಕೆಯ ಛಾಯಾಗ್ರಾಹಕ ಯೊಶಿಟೊ ಮಾತ್ಸುಶಿಗೆ. ಅವರಿಂದ ನಮಗೆ ಉಳಿದಿರುವುದು ಐದೇ ಸ್ಥಿರಚಿತ್ರಗಳು. ಮಿಯುಕಿ ಸೇತುವೆಯ ಬಳಿ ಸುಟ್ಟ ಮೈಯ ಮಕ್ಕಳನ್ನು ಕಂಡು ಗುಂಡಿ ಒತ್ತಲು ಕೈ ಬಾರದೆ ನಿಂತದ್ದನ್ನೂ, ಕಣ್ಣೀರಿನಿಂದ ನೋಟ ಮಂಜಾದದ್ದನ್ನೂ ಅವರೇ ಮುಂದೆ ಹೇಳಿಕೊಂಡಿದ್ದಾರೆ. ನೀವು ಕಲ್ಪಿಸಿಕೊಂಡ ಚೀರಾಟಕ್ಕಿಂತ, ತೆಗೆಯಲಾಗದೆ ಹೋದ ಆ ಚಿತ್ರಗಳು ಎಷ್ಟೋ ಹೆಚ್ಚಿನದನ್ನು ಹೇಳುತ್ತವೆ.

ನೀವು ನೋಡಿರುವ ದೃಶ್ಯಗಳನ್ನು ನಿಪ್ಪೊನ್ ಏಗಾಷಾ ಎಂಬ ವಾರ್ತಾಚಿತ್ರ ಸಂಸ್ಥೆಯ ತಂಡ ಸೆಪ್ಟೆಂಬರ್‌ನಿಂದ ಮುಂದಕ್ಕೆ, ವಿಜ್ಞಾನಿಗಳ ಜೊತೆಗೂಡಿ, ಧ್ವನಿಯಿಲ್ಲದೆ ಚಿತ್ರೀಕರಿಸಿತು. ಆದ್ದರಿಂದಲೇ ಅದರ ದೃಷ್ಟಿ ಅಳತೆಯ ದೃಷ್ಟಿ. ಸೇತುವೆಯ ಕಟಾಂಜನದ ನೆರಳು ನೆಲದಲ್ಲಿ ಅಚ್ಚಾದದ್ದನ್ನು ನೀವು 'ಸಾವಿನ ಸಹಿ' ಎಂದು ಕರೆದು ಮುಂದೆ ಹೋಗುತ್ತೀರಿ. ಆದರೆ ಅಂಥ ನೆರಳುಗಳ ಕೋನವನ್ನು ಅಳೆದೇ ಬಾಂಬು ಸುಮಾರು 600 ಮೀಟರ್ ಎತ್ತರದಲ್ಲಿ ಸಿಡಿಯಿತೆಂದು ಲೆಕ್ಕಹಾಕಲಾಯಿತು. ಕಲ್ಲು, ಎಲೆ, ಮನುಷ್ಯನ ಬೆನ್ನು ಎಲ್ಲವನ್ನೂ ಒಂದೇ ಸಮನಾಗಿ ದಾಖಲಿಸುವ ಆ ನಿರ್ಲಿಪ್ತತೆಯೇ ನೋಡುಗರನ್ನು ಕಂಗೆಡಿಸುವಂಥದ್ದು, ಮತ್ತು ನಿಮ್ಮ ವಿಶೇಷಣಗಳು ಅದನ್ನೇ ಮುಚ್ಚಿಹಾಕಿವೆ. ಆಸ್ಪತ್ರೆಯಲ್ಲಿ ಗಾಯಾಳುಗಳನ್ನು ಕ್ಯಾಮೆರಾದತ್ತ ತಿರುಗಿಸುವ ಕೈಗಳ ಬಗ್ಗೆ ನೀವು ಬರೆದ ನಾಲ್ಕು ಸಾಲುಗಳು ಮಾತ್ರ ನಿಜಕ್ಕೂ ಚೆನ್ನಾಗಿವೆ. ಅಲ್ಲಿ ನೀವು ನೋಡಿದ್ದೀರಿ.

'ಕಾಲಾನಂತರ ಈ ಚಿತ್ರ ಜಗತ್ತಿಗೆ ತಲುಪಿತು' ಎಂಬ ಒಂದೇ ವಾಕ್ಯದಲ್ಲಿ ನೀವು ಮುಗಿಸಿರುವ ಸಂಗತಿಯೇ ಲೇಖನದ ತಿರುಳಾಗಬೇಕಿತ್ತು. 1945ರ ಅಕ್ಟೋಬರ್‌ನಲ್ಲಿ ನಾಗಸಾಕಿಯಲ್ಲಿ ಅಮೆರಿಕದ ಸೇನೆ ಇದೇ ತಂಡದ ಒಬ್ಬ ಕ್ಯಾಮೆರಾಮನ್ನನ್ನು ಬಂಧಿಸಿ ಚಿತ್ರೀಕರಣವನ್ನು ತಡೆಯಿತು. ಬಳಿಕ ತನ್ನದೇ ಉಸ್ತುವಾರಿಯಲ್ಲಿ ಮುಂದುವರಿಸಲು ಬಿಟ್ಟು, 1946ರಲ್ಲಿ ಸಿದ್ಧವಾದ ಎರಡೂವರೆ ಗಂಟೆಗೂ ಮಿಕ್ಕಿದ ಚಿತ್ರವನ್ನು ನೆಗೆಟಿವ್ ಸಮೇತ ಅಮೆರಿಕಕ್ಕೆ ಒಯ್ದಿತು. ಆದರೂ ಅಪಾಯ ಲೆಕ್ಕಿಸದೆ ಅದರ ಒಂದು ಪ್ರತಿಯನ್ನು ಬಚ್ಚಿಟ್ಟ ಜಪಾನೀಯರಿದ್ದರು. ಅಮೆರಿಕ ಜಪಾನಿಗೆ ಪ್ರತಿಯನ್ನು ಮರಳಿಸಿದ್ದು 1967ರಲ್ಲಿ. ಇಪ್ಪತ್ತಕ್ಕೂ ಹೆಚ್ಚು ವರ್ಷ ಯಾರು, ಯಾರಿಂದ, ಏಕೆ ಮರೆಮಾಡಿದರೆಂಬುದನ್ನು ಕೇಳದೆ ಆ ದೃಶ್ಯಗಳ ಬಗ್ಗೆ ಬರೆಯುವುದು ಸಾಧ್ಯವೇ?

ಶಾಂತಿಯನ್ನು ಬೋಧಿಸುವ ಕೊನೆಯ ಎರಡು ಪುಟಗಳನ್ನು ತೆಗೆದುಹಾಕಿ, ಆ ಜಾಗದಲ್ಲಿ ಈ ಸುರುಳಿಗಳ ಪಯಣವನ್ನು ಬರೆದು ಕಳುಹಿಸಿ. ಆಸ್ಪತ್ರೆಯ ಆ ನಾಲ್ಕು ಸಾಲುಗಳನ್ನು ಮಾತ್ರ ದಯವಿಟ್ಟು ಹಾಗೆಯೇ ಇರಗೊಡಿ.

ವಿಶ್ವಾಸದಿಂದ,
ಸಂಪಾದಕ