ಫೇಸ್‌ಬುಕ್‌ನಲ್ಲಿರೋ ಹಳೇ ಫೋಟೋ, ಬೇರೆಯವರು ಟ್ಯಾಗ್ ಮಾಡಿರೋ ಫೋಟೋ ತೆಗೆಯೋದು ಹೇಗೆ?

ನೀವೇ ಹಾಕಿರೋದಾದ್ರೆ ಸುಲಭ. ಪ್ರೊಫೈಲ್‌ನಲ್ಲಿ ಮೂರು ಚುಕ್ಕಿ ಒತ್ತಿ ಆಕ್ಟಿವಿಟಿ ಲಾಗ್‌ಗೆ ಹೋಗಿ, ಅಲ್ಲಿ ವರ್ಷದ ಪ್ರಕಾರ ಫಿಲ್ಟರ್ ಹಾಕ್ಕೊಂಡು ಒಟ್ಟಿಗೇ ಟಿಕ್ ಮಾಡಿ ಟ್ರ್ಯಾಶ್‌ಗೆ ಹಾಕ್ಬೋದು, ಒಂದೊಂದೇ ಪೋಸ್ಟ್ ಹುಡುಕ್ತಾ ಕೂತ್ರೆ ಬೆಳಗಾಗುತ್ತೆ. ಟ್ರ್ಯಾಶ್‌ನಲ್ಲಿ 30 ದಿನ ಇರುತ್ತೆ, ಅಷ್ಟರಲ್ಲಿ ಮನಸ್ಸು ಬದಲಾದ್ರೆ ವಾಪಸ್ ತರಬಹುದು. ಅಳಿಸೋಕೆ ಮನಸ್ಸಿಲ್ಲ, ಯಾರಿಗೂ ಕಾಣೋದೂ ಬೇಡ ಅಂದ್ರೆ ಆರ್ಕೈವ್ ಮಾಡಿ, ನಿಮಗೆ ಮಾತ್ರ ಕಾಣುತ್ತೆ. ನಾನಂತೂ ಕಾಲೇಜು ದಿನದ ಕೂಲಿಂಗ್ ಗ್ಲಾಸ್ ಫೋಟೋಗಳನ್ನೆಲ್ಲ ಹಾಗೇ ಬಚ್ಚಿಟ್ಟಿದೀನಿ.

ತಲೆನೋವು ಇರೋದು ಬೇರೆಯವರು ಹಾಕಿದ್ರಲ್ಲಿ. ರಿಮೂವ್ ಟ್ಯಾಗ್ ಒತ್ತಿದ್ರೆ ನಿಮ್ಮ ಹೆಸರಿನ ಲಿಂಕ್ ಮಾತ್ರ ಹೋಗುತ್ತೆ, ಫೋಟೋ ಅವರ ಅಕೌಂಟ್‌ನಲ್ಲಿ ಹಾಗೇ ಇರುತ್ತೆ. ಅದಕ್ಕೆ ಮೊದಲು ಹಾಕಿದವರಿಗೇ ಫೋನ್ ಮಾಡಿ "ಅದೊಂದು ತೆಗೆದುಬಿಡಪ್ಪ" ಅಂತ ಕೇಳಿ, ಮದುವೆ ಮನೆ ಫೋಟೋ ಥರದ್ದಾದ್ರೆ ಸಾಮಾನ್ಯವಾಗಿ ಇಷ್ಟಕ್ಕೇ ಮುಗಿಯುತ್ತೆ. ಒಪ್ಪದೇ ಇದ್ರೆ, ಅಥವಾ ಮರ್ಯಾದೆ ತೆಗೆಯೋಕೇ ಹಾಕಿದ್ರೆ, ಮೊದಲು ಸ್ಕ್ರೀನ್‌ಶಾಟ್, ಲಿಂಕ್ ಎರಡೂ ಇಟ್ಕೊಂಡು ಆಮೇಲೆ ರಿಪೋರ್ಟ್ ಮಾಡಿ, ಯಾಕಂದ್ರೆ ಅವರು ಅಳಿಸಿಬಿಟ್ರೆ ದೂರು ಕೊಡೋಕೆ ಕೈಯಲ್ಲಿ ಏನೂ ಇರಲ್ಲ.

ಸೆಟ್ಟಿಂಗ್ಸ್‌ನಲ್ಲಿ, ನಿಮ್ಮನ್ನ ಟ್ಯಾಗ್ ಮಾಡಿರೋ ಪೋಸ್ಟ್ ಪ್ರೊಫೈಲ್‌ಗೆ ಬರೋ ಮುಂಚೆ ರಿವ್ಯೂ ಮಾಡೋ ಆಯ್ಕೆ ಆನ್ ಮಾಡಿಟ್ರೆ, ಮುಂದೆ ಅಂಥ ಪೋಸ್ಟ್ ನಿಮ್ಮನ್ನ ಕೇಳದೆ ನಿಮ್ಮ ಪ್ರೊಫೈಲ್‌ಗೆ ಬರಲ್ಲ. ಯಾರಾದ್ರೂ ಆಗಲೇ ಡೌನ್‌ಲೋಡ್ ಮಾಡಿ ವಾಟ್ಸಾಪ್ ಗ್ರೂಪ್‌ಗೆ ಹಾಕಿರೋದು ಮಾತ್ರ ಇದ್ಯಾವುದರಿಂದಲೂ ಹೋಗಲ್ಲ.