ಕಾರ್ಡ್ ಎತ್ತೋಕ್ ಮುಂಚೆ ಪ್ರಶ್ನೆ ಸರಿ ಮಾಡ್ಕೊಳ್ಳಿ

ಪ್ರಶ್ನೆ: ಮೇಡಂ, ನಂಗೆ 28 ವರ್ಷ, ಎರಡು ವರ್ಷದಿಂದ ಮನೇಲಿ ಗಂಡು ನೋಡ್ತಿದಾರೆ, ಯಾವ್ದೂ ಕೂಡಿ ಬರ್ತಿಲ್ಲ. ಫ್ರೆಂಡ್ ಹೇಳಿದ್ಲು ಅಂತ ಫೋನಲ್ಲೇ ಒಬ್ರ ಹತ್ರ ಟ್ಯಾರೋ (ಚಿತ್ರದ ಕಾರ್ಡ್ ಎತ್ತಿ ಭವಿಷ್ಯ ಹೇಳೋದು) ಕೇಳಿದೆ, "ಈ ವರ್ಷ ಮದುವೆ ಆಗುತ್ತಾ" ಅಂತ. ಏಟ್ ಆಫ್ ಕಪ್ಸ್ ಅನ್ನೋ ಕಾರ್ಡ್ ಬಂತು. ಆಗುತ್ತೆ ಅಂತಾನೂ ಅನ್ಲಿಲ್ಲ, ಇಲ್ಲ ಅಂತಾನೂ ಅನ್ಲಿಲ್ಲ, ಕೊನೆಗೆ ನಿಮ್ಮ ಪ್ರಶ್ನೆನೇ ಸರಿ ಇಲ್ಲ ಅಂದ್ಬಿಟ್ರು. ಹಾಗಂದ್ರೇನು?
(ಹೆಸರು ಬೇಡ, ದಾವಣಗೆರೆ)

ಉತ್ತರ: ಬೇಜಾರು ಮಾಡ್ಕೋಬೇಡಿ ತಂಗಿ, ಅವ್ರು ಹೇಳಿದ್ರಲ್ಲಿ ಅರ್ಥ ಇದೆ, ಆದ್ರೆ ಬಿಡಿಸಿ ಹೇಳ್ಬೇಕಿತ್ತು. ದೇವಸ್ಥಾನದಲ್ಲಿ ಹೂ ಕೇಳ್ತೀವಲ್ಲ, ಬಲಕ್ಕೆ ಬಿದ್ರೆ ಆಗುತ್ತೆ, ಎಡಕ್ಕೆ ಬಿದ್ರೆ ಇಲ್ಲ, ಅಲ್ಲಿಗೆ "ಆಗುತ್ತಾ" ಅನ್ನೋ ಪ್ರಶ್ನೆ ಸರಿಹೋಗುತ್ತೆ. ಟ್ಯಾರೋದಲ್ಲಿ 78 ಕಾರ್ಡಿದೆ, ಪ್ರತಿಯೊಂದರಲ್ಲೂ ಒಂದೊಂದು ಚಿತ್ರ. ಈಗ ಜಾಸ್ತಿ ಜನ ಇಟ್ಕೊಂಡಿರೋ ಡೆಕ್, ಅಂದ್ರೆ ಕಾರ್ಡಿನ ಕಟ್ಟು, 1909ರಲ್ಲಿ ಲಂಡನ್‌ನಲ್ಲಿ ಬಂದಿದ್ದು, ಚಿತ್ರ ಬರೆದೋರು ಪಮೇಲಾ ಕೋಲ್ಮನ್ ಸ್ಮಿತ್. ಅದಕ್ಕೆ ಮುಂಚಿನ ಹೆಚ್ಚಿನ ಡೆಕ್‌ಗಳಲ್ಲಿ ನಂಬರ್ ಕಾರ್ಡುಗಳು ಇಸ್ಪೀಟ್ ಎಲೆ ಥರನೇ ಇರ್ತಿದ್ವು, ಎಂಟು ಅಂದ್ರೆ ಎಂಟು ಗುರುತು ಅಷ್ಟೆ. ಈಯಮ್ಮ ಒಂದೊಂದಕ್ಕೂ ಮನುಷ್ಯರನ್ನ, ಬೆಟ್ಟ, ನದಿ, ಮನೆ ಎಲ್ಲಾ ಬರೆದಿಟ್ರು.

ನಿಮ್ಗೆ ಬಂದ ಕಾರ್ಡನ್ನೇ ನೋಡಿ. ಮುಂದೆ ಎಂಟು ಕಪ್ ಜೋಡಿಸಿಟ್ಟಿದೆ, ಕೆಳಗೆ ಐದು, ಮೇಲೆ ಮೂರು, ಮೇಲಿನ ಸಾಲಲ್ಲಿ ಒಂದು ಕಪ್ಪಿನ ಜಾಗ ಖಾಲಿ. ಒಬ್ಬ ಅದೆಲ್ಲಾ ಬಿಟ್ಟು ಕೋಲು ಹಿಡ್ಕೊಂಡು ಬೆಟ್ಟದ ಕಡೆ ಹೊರಟಿದಾನೆ, ಮೇಲೆ ಚಂದ್ರ. ಈ ಚಿತ್ರದ ಮುಂದೆ ನಿಂತು "ಈ ವರ್ಷ ಆಗುತ್ತಾ" ಅಂದ್ರೆ ಅದು ಎಲ್ಲಿಂದ ಹೌದು ಅನ್ನುತ್ತೆ ಎಲ್ಲಿಂದ ಇಲ್ಲ ಅನ್ನುತ್ತೆ? ಅದೇ "ಈ ಗಂಡು ನೋಡೋ ವಿಷ್ಯದಲ್ಲಿ ನಾನು ಏನನ್ನ ಬಿಡೋಕಾಗ್ದೇ ಹಿಡ್ಕೊಂಡಿದೀನಿ" ಅಂತ ಕೇಳಿದ್ದಿದ್ರೆ, ನೋಡಿ, ತಕ್ಷಣ ಮಾತಾಡೋಕೆ ಎಷ್ಟಿದೆ. ಆ ಖಾಲಿ ಜಾಗ ಏನು, ಹೊರಟಿರೋನು ನೀವಾ ಇಲ್ಲ ನಿಮ್ಮನ್ನ ನೋಡಿ ಹೋದೋರಾ, ಹೀಗೆ.

ನಾನು ನನ್ನ ಹತ್ರ ಬರೋರಿಗೆ ಮೊದಲ ಹತ್ತು ನಿಮಿಷ ಕಾರ್ಡೇ ಮುಟ್ಟಿಸಲ್ಲ, ಪ್ರಶ್ನೆ ಬರೆಸ್ತೀನಿ. ಬರೆದಾದ್ಮೇಲೆ "ಆಗು" ಅನ್ನೋ ಪದ ಎಲ್ಲಿದೆ ಹುಡುಕಿ ಅಂತೀನಿ. ಮದುವೆ ಆಗುತ್ತಾ, ಕೆಲಸ ಆಗುತ್ತಾ, ಸೈಟ್ ಆಗುತ್ತಾ, ಇವ್ಯಾವುದ್ರಲ್ಲೂ ನೀವು ಏನೂ ಮಾಡ್ತಿಲ್ಲ, ಸುಮ್ನೆ ಕಾಯ್ತಾ ಕೂತಿದೀರ. ಅಲ್ಲಿ ನೀವು ಮಾಡೋ ಕೆಲಸ ಒಂದನ್ನ ಹಾಕಿ: ನಾನು ಏನು ನೋಡ್ಬೇಕು, ಹೇಗೆ ಮಾತಾಡ್ಬೇಕು, ಏನು ಬಿಡ್ಬೇಕು. ಇನ್ನೊಂದು, "ನನ್ನ ಜೀವನ ಹೇಗಿರುತ್ತೆ" ಅಂತ ಊರಗಲ ಕೇಳ್ಬೇಡಿ, ಯುಗಾದಿವರೆಗೆ ಅಂತಾನೋ ಮೂರು ತಿಂಗಳು ಅಂತಾನೋ ಗಡುವು ಹಾಕಿ. "ಬೆಂಗಳೂರಿಗೆ ಹೋಗ್ಲಾ ಅಥವಾ ಇಲ್ಲೇ ಇರ್ಲಾ" ಅನ್ನೋದು ಒಂದು ಪ್ರಶ್ನೆ ಅಲ್ಲ, ಎರಡು, ಒಂದೇ ಕಾರ್ಡ್ ಎತ್ತಿದ್ರೆ ಅದು ಯಾವುದಕ್ಕೆ ಬಂತು ಅಂತ ಹೇಗೆ ಗೊತ್ತಾಗ್ಬೇಕು? ಹೋದ್ರೆ ಏನು ಎದುರಾಗ್ಬಹುದು ಅಂತ ಒಂದು, ಇದ್ರೆ ಏನು ಅಂತ ಇನ್ನೊಂದು, ಬೇರೆ ಬೇರೆ ಎತ್ತಿಸಿ.

ಪ್ರಶ್ನೆ: ಎರಡು ತಿಂಗಳಿಂದ ಅವ್ನು ಮೆಸೇಜ್ ಮಾಡ್ತಿಲ್ಲ. ಅವ್ನ ಮನಸ್ಸಲ್ಲಿ ಏನಿದೆ ಅಂತ ಕಾರ್ಡಲ್ಲಿ ಕೇಳ್ಬಹುದಾ ಅಕ್ಕಾ?
(ಓದುಗಿ, ಹಾಸನ)

ಉತ್ತರ: ಕೇಳ್ಬೇಡಮ್ಮ. ಅವ್ನು ಅಲ್ಲಿಲ್ಲ, ಒಪ್ಪಿಗೆನೂ ಕೊಟ್ಟಿಲ್ಲ, ಬಂದ ಕಾರ್ಡಿಗೆ ನಿನ್ನ ಆಸೆನೋ ನಿನ್ನ ಭಯನೋ ಅರ್ಥ ಹೇಳುತ್ತೆ, ಅದನ್ನ ಅವ್ನ ಮನಸ್ಸು ಅಂತ ನಂಬ್ಕೊಂಡು ನೀನು ಇನ್ನೆರಡು ತಿಂಗಳು ಕಾಯ್ತೀಯ. ನಂಗೆ ಅದೇ ಸಂಕಟ. "ಈ ಮೌನದಲ್ಲಿ ನಾನು ನನ್ನನ್ನ ಹೇಗೆ ನೋಡ್ಕೋಬೇಕು" ಅಂತ ಕೇಳು. ಅವ್ನ ಮನಸ್ಸಲ್ಲಿ ಏನಿದೆ ಅಂತ ತಿಳ್ಕೊಳ್ಳೋಕೆ ಒಂದು ಸಲ ಅವ್ನನ್ನೇ ನೇರವಾಗಿ ಕೇಳು, ಉತ್ತರ ಬರ್ಲಿಲ್ಲ ಅಂದ್ರೆ ಅದೂ ಉತ್ತರನೇ.

ಪ್ರಶ್ನೆ: ಮೊಬೈಲ್ ಆಪ್‌ನಲ್ಲಿ ದಿನಕ್ಕೆ ಹತ್ತು ಸಲ ಮೂರ್ಮೂರು ಕಾರ್ಡ್ ತೆಗೀತೀನಿ, ಒಂದೇ ಪ್ರಶ್ನೆ, ಕೆಲಸದ್ದು. ಈ ವಾರ ಮೂರು ಸಲ ಡೆತ್ ಕಾರ್ಡ್ ಬಂತು, ರಾತ್ರಿ ನಿದ್ದೆ ಇಲ್ಲ.
(ಓದುಗ, ಹುಬ್ಬಳ್ಳಿ)

ಉತ್ತರ: ಲೆಕ್ಕ ಹಾಕೋಣ ಬನ್ನಿ. 78ರಲ್ಲಿ ಮೂರು ಎಳೆದ್ರೆ ಆ ಕಾರ್ಡ್ ಬರೋ ಸಾಧ್ಯತೆ 26ರಲ್ಲಿ ಒಂದು. ಹತ್ತು ಸಲ ಎಳೆದ್ರೆ ಆ ದಿನ ಒಂದ್ಸಲನಾದ್ರೂ ಬರೋ ಸಾಧ್ಯತೆ ಹತ್ರತ್ರ ಮೂರರಲ್ಲಿ ಒಂದು. ಏಳು ದಿನ ಹೀಗೇ ಎಳೆದ್ರೆ ಎರಡ್ಮೂರು ಸಲ ಬರೋದು ಸಹಜ, ನಿಮ್ಮ ಮೇಲೇನೂ ಬಂದಿಲ್ಲ. ಆ ಚಿತ್ರದಲ್ಲಿ ಬಿಳಿ ಕುದುರೆ ಮೇಲೆ ಅಸ್ಥಿಪಂಜರ ಇದೆ ನಿಜ, ಅದರ ಹಿಂದೆ ಎರಡು ಗೋಪುರದ ಮಧ್ಯೆ ಸೂರ್ಯನೂ ಇದಾನೆ, ನೋಡಿದೀರಾ? ಒಂದು ಮುಗಿದು ಇನ್ನೊಂದು ಶುರುವಾಗೋದು ಅಂತ ಓದ್ತೀವಿ, ಸಾವು ಅಂತ ಓದಲ್ಲ. ಆಪ್ ತೆಗೆದುಹಾಕಿ. ಪ್ರಶ್ನೆನ ತಾರೀಕು ಹಾಕಿ ನೋಟ್‌ಬುಕ್ಕಲ್ಲಿ ಒಂದೇ ಸಲ ಬರೀರಿ, ಕೆಲಸದ ವಿಷ್ಯದಲ್ಲಿ ಏನಾದ್ರೂ ನಿಜವಾಗ್ಲೂ ಬದಲಾಗೋವರೆಗೆ ಮತ್ತೆ ಎತ್ಬೇಡಿ. ನಿದ್ದೆ ಹಾಗೇ ಕೆಟ್ಟಿದ್ರೆ ದಯವಿಟ್ಟು ಡಾಕ್ಟರ್‌ನ ನೋಡಿ.

ಪ್ರಶ್ನೆ: ಅಮ್ಮಂಗೆ ಬಯಾಪ್ಸಿ ಮಾಡಿದಾರೆ, ರಿಪೋರ್ಟ್ ಬರೋಕೆ ಇನ್ನೂ ನಾಕು ದಿನ. ಕಾರ್ಡಲ್ಲಿ ಏನು ಅಂತ ಕೇಳ್ಲಾ?
(ಮಗಳು, ಶಿವಮೊಗ್ಗ)

ಉತ್ತರ: ರಿಪೋರ್ಟಲ್ಲಿ ಏನಿದೆ ಅಂತ ಯಾವ ಕಾರ್ಡೂ ಹೇಳಲ್ಲ, ಹೇಳ್ತೀನಿ ಅನ್ನೋರ ಹತ್ರ ಹೋಗ್ಲೇಬೇಡಿ. ಕೇಳ್ಲೇಬೇಕು ಅನ್ಸಿದ್ರೆ, "ಈ ನಾಕು ದಿನ ಅಮ್ಮನ ಜೊತೆ ನಾನು ಹೇಗಿರ್ಲಿ" ಅಂತ ಒಂದೇ ಒಂದು ಕಾರ್ಡ್. ಆಮೇಲೆ ಒಂದು ನೋಟ್‌ಬುಕ್ಕಲ್ಲಿ ಡಾಕ್ಟರ್‌ಗೆ ಕೇಳೋ ಪ್ರಶ್ನೆಗಳನ್ನ ಬರ್ಕೊಳ್ಳಿ: ಇದು ಯಾವ ಹಂತ, ಮುಂದೆ ಏನೇನು ಟೆಸ್ಟು, ಯಾವ ಟ್ರೀಟ್‌ಮೆಂಟು, ಎಷ್ಟು ದಿನ, ಇನ್ನೊಬ್ಬ ಡಾಕ್ಟರ್ ಅಭಿಪ್ರಾಯ ಕೇಳ್ಬಹುದಾ. ಆ ರೂಮೊಳಗೆ ಹೋದ್ರೆ ಗಾಬರೀಲಿ ಎಲ್ಲಾ ಮರ್ತುಹೋಗುತ್ತೆ. ಜೊತೆಗೆ ಅಣ್ಣನ್ನೋ ಚಿಕ್ಕಮ್ಮನ್ನೋ ಕರ್ಕೊಂಡು ಹೋಗಿ, ನೀವು ಕೇಳಿ, ಅವ್ರು ಬರ್ಕೊಳ್ಲಿ.