‘ಓಂ ಮಣಿ ಪದ್ಮೇ ಹೂಂ’: ಯಾವ ಉಚ್ಚಾರಣೆ ಸರಿ, ಟಿಬೆಟಿಯನ್ ಲಿಪಿಯಲ್ಲಿ ಬರೆಯುವುದು ಹೇಗೆ, ದೀಕ್ಷೆಯಿಲ್ಲದೆ ಜಪಿಸಬಹುದೇ?

ಬೈಲಕುಪ್ಪೆಯ ನಾಮ್‌ಡ್ರೋಲಿಂಗ್ ವಿಹಾರದಲ್ಲಿ ಹಿರಿಯರು ‘ಓಂ ಮಣಿ ಪೇಮೇ ಹುಂಗ್’ ಎನ್ನುವುದನ್ನು ಕೇಳಿದ್ದೀರಿ, ಪುಸ್ತಕದಲ್ಲಿ ‘ಓಂ ಮಣಿ ಪದ್ಮೇ ಹೂಂ’ ಎಂದು ಓದಿದ್ದೀರಿ. ಇವುಗಳಲ್ಲಿ ಯಾವುದು ಸರಿ, ಅದನ್ನು ಟಿಬೆಟಿಯನ್ ಅಕ್ಷರಗಳಲ್ಲಿ ಬರೆಯುವುದು ಹೇಗೆ, ದೀಕ್ಷೆ ಪಡೆಯದವರು ಜಪಿಸಬಹುದೇ ಎಂದು ಕೇಳಿದ್ದೀರಿ. ನಾನು ಬೈಲಕುಪ್ಪೆಯ ಟಿಬೆಟಿಯನ್ ಕ್ಯಾಂಪಿನ ಸಮೀಪದಲ್ಲೇ ವಾಸವಾಗಿರುವವನು. ಅಲ್ಲಿನ ವೃದ್ಧ ಭಿಕ್ಷುಗಳೊಬ್ಬರ ಬಳಿ, ಎಲ್ಲರೂ ಕರೆಯುವಂತೆ ನಾನೂ ‘ಗೆನ್‌ಲಾ’ ಎಂದು ಕರೆಯುವ ಗುರುಗಳ ಬಳಿ, ಲಿಪಿಯನ್ನೂ ಜಪದ ಕ್ರಮವನ್ನೂ ಕಲಿತಿದ್ದೇನೆ. ಆ ಕಲಿಕೆಯ ಆಧಾರದ ಮೇಲೆ ಉತ್ತರಿಸುತ್ತೇನೆ.

ಎರಡು ಉಚ್ಚಾರಣೆಗಳೂ ಸರಿ. ಈ ಮಂತ್ರ ನಮಗೆ ಮೊದಲು ಸಿಗುವುದು ‘ಕಾರಂಡವ್ಯೂಹ’ ಎಂಬ ಸಂಸ್ಕೃತ ಮಹಾಯಾನ ಸೂತ್ರದಲ್ಲಿ. ಅಲ್ಲಿ ಇದಕ್ಕೆ ಷಡಕ್ಷರೀ ವಿದ್ಯೆ ಎಂದೇ ಹೆಸರು. ಸಂಸ್ಕೃತದ ದೃಷ್ಟಿಯಿಂದ ನೋಡಿದರೆ ‘ಣ’ ಮೂರ್ಧನ್ಯವಾಗಿಯೇ, ಎಂದರೆ ನಾಲಿಗೆಯ ತುದಿಯನ್ನು ಮೇಲಕ್ಕೆ ಮಡಚಿಯೇ, ಬರಬೇಕು, ‘ದ್ಮೇ’ ಒತ್ತಕ್ಷರವಾಗಿ ಕೇಳಿಸಬೇಕು, ‘ಹೂಂ’ ದೀರ್ಘವಾಗಿರಬೇಕು. ಮಧ್ಯ ಟಿಬೆಟಿನ ಆಡುಮಾತಿನಲ್ಲಾದರೋ ಅಕ್ಷರದ ಕೊನೆಯಲ್ಲಿ ಬರುವ ‘ದ್’ ಕೇಳಿಸುವುದಿಲ್ಲ, ಮಾತ್ರವಲ್ಲ, ತನ್ನ ಹಿಂದಿನ ‘ಅ’ಕಾರವನ್ನು ‘ಎ’ಕಾರದತ್ತ ಎಳೆದುಕೊಂಡು ಹೋಗುತ್ತದೆ. ಹೀಗಾಗಿ ‘ಪದ್’ ಎಂಬುದು ‘ಪೇ’ ಆಗುತ್ತದೆ, ಕೊನೆಯ ಅನುಸ್ವಾರ ‘ಙ’ಕಾರವಾಗಿ ಕೇಳಿಸುತ್ತದೆ. ಇದೇ ಬಗೆಯ ಬದಲಾವಣೆಗಳಿಂದ ‘ವಜ್ರ’ವು ‘ಬೆಂಜಾ’ ಆಗಿದೆ, ‘ಸ್ವಾಹಾ’ ಎಂಬುದು ‘ಸೋಹಾ’ ಆಗಿದೆ; ಜಪಾನಿನಲ್ಲಿ ಅದೇ ‘ಸ್ವಾಹಾ’ ‘ಸೊವಾಕಾ’ ಆಗಿದೆ. ಇವು ಅಜಾಗರೂಕತೆಯ ತಪ್ಪುಗಳಲ್ಲ. ಆಯಾ ಭಾಷೆಯ ನಿಯಮಕ್ಕೆ ಒಳಪಟ್ಟು, ನೂರಾರು ವರ್ಷ ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಇಳಿದು ಬಂದ ರೂಪಗಳು.

ಈ ಪ್ರಶ್ನೆ ಟಿಬೆಟಿಗರಿಗೂ ಹೊಸದಲ್ಲ. ಸಂಸ್ಕೃತದ ದೊಡ್ಡ ವಿದ್ವಾಂಸರಾಗಿದ್ದ ಸಾಕ್ಯ ಪಂಡಿತರ (1182–1251) ಬಗ್ಗೆ ಪರಂಪರೆಯಲ್ಲಿ ಒಂದು ಕಥೆಯನ್ನು ಹೇಳುತ್ತಾರೆ. ಗುಹೆಯೊಂದರಲ್ಲಿ ತಪಸ್ಸು ಮಾಡುತ್ತಿದ್ದ ಸಾಧಕನೊಬ್ಬ ವಜ್ರಕೀಲ ಎಂಬ ತಾಂತ್ರಿಕ ದೇವತೆಯ ಮಂತ್ರದ ‘ಕೀಲಯ’ವನ್ನು ‘ಚಿಲಯ’ ಎಂದು ಜಪಿಸುತ್ತಿದ್ದುದನ್ನು ಕೇಳಿ, ಪಂಡಿತರು ಅದನ್ನು ತಿದ್ದಿದರಂತೆ. ಆತ ತನ್ನ ಕೈಯಲ್ಲಿದ್ದ ಕೀಲವನ್ನು, ಎಂದರೆ ಪೂಜೆಯ ಮೊನಚಾದ ಕಠಾರಿಯನ್ನು, ಅದೇ ‘ತಪ್ಪು’ ಮಂತ್ರ ಹೇಳುತ್ತ ಬಂಡೆಗೆ ಚುಚ್ಚಿದಾಗ ಅದು ಮೆತ್ತನೆಯ ಮಣ್ಣಿಗೆ ಇಳಿದಂತೆ ಇಳಿಯಿತಂತೆ. ಹಾಗೆಂದು ಶುದ್ಧ ಪಾಠ ಬೇಡವೆಂದು ಈ ಕಥೆ ಹೇಳುತ್ತಿಲ್ಲ, ಏಕೆಂದರೆ ಮಂತ್ರಗಳ ಶುದ್ಧ ಪಠನಕ್ಕಾಗಿ ಸ್ವತಃ ಸಾಕ್ಯ ಪಂಡಿತರೇ ಶ್ರಮಿಸಿದವರು. ನನ್ನ ತಿಳಿವಳಿಕೆಯಲ್ಲಿ ಅದರ ತಾತ್ಪರ್ಯ ಇಷ್ಟು: ಶ್ರದ್ಧೆಯಿಂದ ಪಡೆದ ಪಾಠವನ್ನು ಹೊರಗಿನವರು ಹೋಗಿ ತಿದ್ದಬಾರದು. ಆದ್ದರಿಂದ ಟಿಬೆಟಿಯನ್ ಗುರುಗಳಿಂದ ಪಡೆದಿದ್ದರೆ ಅವರು ಹೇಳಿಕೊಟ್ಟಂತೆಯೇ ಹೇಳಿ. ವಿಹಾರದಲ್ಲಿ ಎಲ್ಲರೊಡನೆ ಕೂತಾಗ ಅವರ ಧ್ವನಿಯೊಡನೆ ಸೇರಿಕೊಳ್ಳಿ. ಒಬ್ಬರೇ ಜಪಿಸುವಾಗ ಸಂಸ್ಕೃತದ ರೂಪವನ್ನು ಆರಿಸಿಕೊಂಡರೆ ‘ಣ’ವನ್ನು ‘ನ’ ಮಾಡಬೇಡಿ. ಕನ್ನಡದ ನಾಲಿಗೆಗೆ ಅದು ಸಹಜವಾಗಿ ಒಲಿದಿರುವಾಗ ಸಡಿಲಗೊಳಿಸಲು ಕಾರಣವಿಲ್ಲ.

ಬರಹದ ವಿಷಯ ಬೇರೆ, ಮತ್ತು ನನಗೆ ಅತ್ಯಂತ ಪ್ರಿಯವಾದ ಭಾಗವೂ ಇದೇ. ಈ ಮಂತ್ರದಲ್ಲಿ ನಾಲಿಗೆ ಬಿಟ್ಟುಕೊಟ್ಟ ಪ್ರತಿಯೊಂದು ಸಂಸ್ಕೃತ ಧ್ವನಿಯನ್ನೂ ಟಿಬೆಟಿಗರ ಕೈ ಇಂದಿಗೂ ಕಾಪಾಡಿಕೊಂಡು ಬಂದಿದೆ. ಏಳನೆಯ ಶತಮಾನದಲ್ಲಿ ಉತ್ತರ ಭಾರತದ ಲಿಪಿಯ ಮಾದರಿಯಲ್ಲಿ ರೂಪುಗೊಂಡ ಆ ಲಿಪಿಗೂ ನಮ್ಮ ಕನ್ನಡ ಲಿಪಿಗೂ ಮೂಲ ಬ್ರಾಹ್ಮಿಯೇ. ಅದರಿಂದಾಗಿ ಕನ್ನಡಿಗರಿಗೆ ಅದರ ಕಟ್ಟಡ ಬೇಗ ಅರ್ಥವಾಗುತ್ತದೆ. ಟಿಬೆಟಿಯನ್ ಭಾಷೆಯಲ್ಲಿ ಮೂರ್ಧನ್ಯ ಧ್ವನಿಗಳಿಗೆ ಅಕ್ಷರಗಳೇ ಇರಲಿಲ್ಲವಾದ್ದರಿಂದ ದಂತ್ಯಾಕ್ಷರಗಳನ್ನು ಎಡಬಲ ತಿರುಗಿಸಿ ಬರೆದು ಅವುಗಳನ್ನು ಸೃಷ್ಟಿಸಿಕೊಂಡರು. ಹೀಗಾಗಿ ಮಂತ್ರದ ‘ಣಿ’ ಎಂದರೆ ತಿರುಗಿಸಿ ಬರೆದ ‘ನ’ಕಾರ, ಅದರ ತಲೆಯ ಮೇಲೆ ‘ಇ’ಕಾರದ ಚಿಹ್ನೆ. ‘ದ್ಮೇ’ಯಲ್ಲಿ ‘ದ’ ಮೇಲಿರುತ್ತದೆ, ‘ಮ’ ಅದರ ಕೆಳಗೆ ಒತ್ತಾಗಿ ಸೇರುತ್ತದೆ, ‘ಏ’ಕಾರ ಎಲ್ಲಕ್ಕೂ ಮೇಲೆ ಕೂರುತ್ತದೆ. ‘ಹೂಂ’ ಬರೆಯುವಾಗ ‘ಹ’ದ ಕೆಳಗೆ ದೀರ್ಘವನ್ನು ಸೂಚಿಸುವ ಪುಟ್ಟ ಅಕ್ಷರ, ಅದರ ಕೆಳಗೆ ‘ಉ’ಕಾರ, ಮೇಲ್ಗಡೆ ಅರ್ಧಚಂದ್ರ ಮತ್ತು ಬಿಂದು ಬರುತ್ತವೆ. ಇವುಗಳಲ್ಲಿ ಯಾವುದನ್ನೂ ಬಿಡುವಂತಿಲ್ಲ. ‘ಪೇಮೇ’ ಎಂದು ಜಪಿಸುವವರು ಯಾರೂ ‘ಪೇಮೇ’ ಎಂದು ಬರೆಯುವುದಿಲ್ಲ.

ಕಲಿಯಲು ‘ಉಚೆನ್’ ಎಂಬ ತಲೆಕಟ್ಟಿನ ಲಿಪಿಯಿಂದ ಆರಂಭಿಸಿ. ಬಿದಿರಿನ ಕಡ್ಡಿಯ ತುದಿಯನ್ನು ಓರೆಯಾಗಿ ಕತ್ತರಿಸಿ ಮಾಡಿದ ‘ನ್ಯುಗು’ ಎಂಬ ಲೇಖನಿ ಇದಕ್ಕೆ ಬೇಕು. ತುದಿ ಅಗಲವಾಗಿರುವುದರಿಂದ ಒಂದೇ ಎಳೆತದಲ್ಲಿ ದಪ್ಪವೂ ಸಣ್ಣಗೂ ಆದ ಗೆರೆ ಮೂಡುತ್ತದೆ. ಮೊದಲು ತಲೆಕಟ್ಟು, ಆಮೇಲೆ ಅದರಿಂದ ಕೆಳಗಿಳಿಯುವ ಗೆರೆಗಳು. ಸಾಲಿನ ಗೆರೆಯನ್ನು ಕಾಗದದ ಮೇಲೆ ಮೊದಲೇ ತೆಳುವಾಗಿ ಹಾಕಿಕೊಂಡರೆ ಅಕ್ಷರಗಳೆಲ್ಲ ಆ ಗೆರೆಯಿಂದ ಸಮವಾಗಿ ಇಳಿಬೀಳುತ್ತವೆ. ವಿಹಾರಗಳ ತೊಲೆಗಳ ಮೇಲೆ, ಪ್ರಾರ್ಥನಾ ಚಕ್ರಗಳ ಮೇಲೆ ನೀವು ಕಂಡಿರಬಹುದಾದ ಇನ್ನೂ ಅಲಂಕೃತವಾದ ಲಿಪಿ ‘ಲಾಂಚಾ’. ಅದು ನೇಪಾಳದ ನೇವಾರರ ರಂಜನಾ ಲಿಪಿಯಿಂದ ಬಂದದ್ದು. ಉಚೆನ್ ಕೈಗೆ ಹತ್ತುವ ತನಕ ಅದಕ್ಕೆ ಕೈಹಾಕದಿರುವುದು ಒಳ್ಳೆಯದು.

ಅಕ್ಷರವನ್ನೇ ಧ್ಯಾನದ ಆಲಂಬನವಾಗಿ ಇಟ್ಟುಕೊಳ್ಳುವ ಪದ್ಧತಿ ಜಪಾನಿನ ಶಿಂಗೊನ್ ಪಂಥದಲ್ಲಿ ತುಂಬ ಸ್ಪಷ್ಟವಾಗಿ ಕಾಣುತ್ತದೆ. ಅದರ ಸ್ಥಾಪಕ ಕೂಕೈ 806ರಲ್ಲಿ ಚೀನಾದಿಂದ ಮರಳುವಾಗ ಮಂತ್ರಗಳನ್ನು ಸಿದ್ಧಂ ಎಂಬ ಭಾರತೀಯ ಲಿಪಿಯಲ್ಲಿಯೇ ಕೊಂಡೊಯ್ದರು. ಇಂದಿಗೂ ಅಲ್ಲಿನ ಸಾಧಕರು ಪದ್ಮದ ಮೇಲಿನ ಚಂದ್ರಮಂಡಲದಲ್ಲಿ ಬರೆದ ಒಂದೇ ಒಂದು ‘ಅ’ಕಾರವನ್ನು ಎದುರಿಗಿಟ್ಟುಕೊಂಡು, ಎಲ್ಲ ಧರ್ಮಗಳೂ, ಎಂದರೆ ಇರುವ ವಸ್ತು-ವಿಷಯಗಳೆಲ್ಲವೂ, ಮೂಲದಲ್ಲಿ ಅನುತ್ಪನ್ನ, ಹುಟ್ಟೇ ಇಲ್ಲದವು ಎಂಬ ಅರ್ಥವನ್ನು ಮನನ ಮಾಡುತ್ತಾರೆ.

ಟಿಬೆಟಿಯನ್ ಕ್ರಮದಲ್ಲಿಯೂ ಬರಹ ಮತ್ತು ಜಪ ಒಂದನ್ನೊಂದು ಸೇರುವುದು ಇಂತಹ ಕಡೆಯಲ್ಲೇ. ಮೊದಲು ಶರಣಾಗತಿ, ಬೋಧಿಚಿತ್ತ (ಸಕಲ ಜೀವಿಗಳ ಹಿತಕ್ಕಾಗಿ ಬುದ್ಧತ್ವ ಪಡೆಯುವ ಸಂಕಲ್ಪ). ಬಳಿಕ ಈ ಮಂತ್ರದ ದೇವತೆಯಾದ, ಕರುಣೆಯ ಬೋಧಿಸತ್ತ್ವನಾದ ನಾಲ್ಕು ಕೈಗಳ, ಬಿಳಿಯ ಬಣ್ಣದ ಅವಲೋಕಿತೇಶ್ವರನ, ಎಂದರೆ ಟಿಬೆಟಿಗರ ಚೆನ್‌ರೆಸಿಗ್‌ನ, ಧ್ಯಾನ. ಆತನ ಹೃದಯದಲ್ಲಿ ‘ಹ್ರೀಃ’ ಎಂಬ ಬೀಜಾಕ್ಷರವನ್ನೂ ಅದರ ಸುತ್ತ ಆರು ಅಕ್ಷರಗಳನ್ನೂ ಭಾವಿಸಿ, ಅವುಗಳಿಂದ ಹೊರಟ ಬೆಳಕು ದೇವ, ಅಸುರ, ಮನುಷ್ಯ, ತಿರ್ಯಕ್ (ಪ್ರಾಣಿ), ಪ್ರೇತ, ನರಕ ಎಂಬ ಆರು ಗತಿಗಳ ಜೀವಿಗಳ ದುಃಖವನ್ನು ತೊಳೆಯುತ್ತದೆಂದು ನೆನೆಯುತ್ತ ಜಪಿಸಬೇಕು. ಬರೆದು ಬರೆದು ಕೈಗೆ ಪರಿಚಯವಾದ ಅಕ್ಷರಗಳು ಮುಚ್ಚಿದ ಕಣ್ಣೊಳಗೂ ನಿಲ್ಲುತ್ತವೆ. ಬರೆಯದೆ ಬರೀ ನೋಡಿದವು ಬೇಗ ಕಲಸಿಹೋಗುತ್ತವೆ. ಆ ಲಿಪಿ ಇನ್ನೂ ಬಾರದವರು ಕನ್ನಡದ ಅಕ್ಷರಗಳನ್ನೇ ಭಾವಿಸಿಕೊಳ್ಳಬಹುದೆಂದು ನಾನು ನಂಬುತ್ತೇನೆ. ಜಪ ತೀರ ಗಟ್ಟಿಯಾಗಿಯೂ ಬೇಡ, ಬರೀ ತುಟಿಯಲುಗುವಷ್ಟೂ ಬೇಡ; ನಿಮ್ಮ ಕಿವಿಗೆ ನಿಮ್ಮದೇ ದನಿ ಕೇಳಿಸಿದರೆ ಸಾಕು. ಮಾಲೆಯಲ್ಲಿ 108 ಮಣಿಗಳಿದ್ದರೂ ಒಂದು ಸುತ್ತನ್ನು 100 ಎಂದೇ ಎಣಿಸಿ, ಉಳಿದ ಎಂಟನ್ನು ಮನಸ್ಸು ಚದುರಿ ತಪ್ಪಿಹೋದುದಕ್ಕೆ ಬಿಡುವುದು ರೂಢಿ. ಕೊನೆಯಲ್ಲಿ ಪುಣ್ಯವನ್ನು ಸಕಲ ಜೀವಿಗಳಿಗೆ ಅರ್ಪಿಸದೆ ಏಳಬಾರದು.

ದೀಕ್ಷೆಯ ಬಗ್ಗೆ: ಮಣಿ ಮಂತ್ರಕ್ಕೆ ಅಂತಹ ನಿರ್ಬಂಧವಿಲ್ಲ, ಕ್ಯಾಂಪಿನ ಪುಟ್ಟ ಮಕ್ಕಳೂ ಅದನ್ನು ಹೇಳುತ್ತಾರೆ. ನಮ್ಮ ನಾಡಿಗೂ ಈ ಮಂತ್ರದ ದೇವತೆ ಅಪರಿಚಿತನಲ್ಲ. ಮಂಗಳೂರಿನ ಕದ್ರಿಯಲ್ಲಿ ಆಳುಪ ಅರಸ ಕುಂದವರ್ಮ 968ರಲ್ಲಿ ಸ್ಥಾಪಿಸಿದ ಕಂಚಿನ ಲೋಕೇಶ್ವರ ಅವಲೋಕಿತೇಶ್ವರನೇ. ಆದರೂ ಸಾಧ್ಯವಾದರೆ ಗುರುಗಳಿಂದ ‘ಲುಂಗ್’, ಅಂದರೆ ಅವರ ಬಾಯಿಂದ ಒಮ್ಮೆ ಕೇಳಿಸಿಕೊಳ್ಳುವ ಅನುಮತಿಯನ್ನು ಪಡೆಯಿರಿ. ಕಾರಂಡವ್ಯೂಹದಲ್ಲಿ ಬೋಧಿಸತ್ತ್ವನೊಬ್ಬನೇ ಈ ಆರು ಅಕ್ಷರಗಳಿಗಾಗಿ ವಾರಾಣಸಿಗೆ ಹೋಗಿ, ನಡತೆಯಲ್ಲೂ ಉಡುಪಿನಲ್ಲೂ ಲೋಕ ಮೆಚ್ಚದ ಧರ್ಮಭಾಣಕನೊಬ್ಬನ (ಧರ್ಮೋಪದೇಶಕನ) ಮುಂದೆ ಕೈಮುಗಿದು ಕೇಳಿಕೊಳ್ಳುತ್ತಾನೆ. ಮೇಲೆ ಹೇಳಿದ ವಜ್ರಕೀಲದಂತಹ ತಾಂತ್ರಿಕ ಮಂತ್ರಗಳನ್ನಂತೂ ಅಭಿಷೇಕ ಎಂಬ ದೀಕ್ಷೆಯಿಲ್ಲದೆ, ಎಲ್ಲೋ ಕೇಳಿದ್ದನ್ನು ನೆಚ್ಚಿ, ಆರಂಭಿಸಬೇಡಿ.

ಅಭ್ಯಾಸಕ್ಕೆ ಬರೆದ ಹಾಳೆಗಳನ್ನು ನೆಲದ ಮೇಲೆ ಬಿಡಬೇಡಿ, ದಾಟಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. ಸಾಕಷ್ಟು ಸೇರಿದ ಮೇಲೆ ಶುಚಿಯಾದ ಜಾಗದಲ್ಲಿ ಸುಟ್ಟು, ಬೂದಿಯನ್ನು ಯಾರೂ ತುಳಿಯದ ಗಿಡದ ಬುಡಕ್ಕೆ ಹಾಕಿ.